ನನ್ನ ಕಾರಿನ ಬಾಯಿ ಮುಚ್ಚಿಸಿದ್ದು

ಮನುಷ್ಯನಿರಲಿ, ಯಂತ್ರವಿರಲಿ, ತಿಳಿಯುವಂತೆ ಹೇಳಿದರೆ ತಿದ್ದಿಕೊಂಡೇ ತೀರುತ್ತದೆ ಎಂಬುದು ಕಾಲೇಜಿನ ದಿನಗಳಿಂದಲೂ ನನ್ನ ಅಚಲವಾದ ನಂಬಿಕೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಮನೆಯ ಷೋಕೇಸಿನಲ್ಲಿ ಈಗಲೂ ಸಾಲಾಗಿ ನಿಂತಿವೆ. ಅವುಗಳಲ್ಲಿ ಅತ್ಯಂತ ದೊಡ್ಡದು ಮಾತ್ರ ಅಡುಗೆಮನೆಗೆ ವರ್ಗವಾಗಿ, ಒಣಮೆಣಸಿನಕಾಯಿಯ ಉಸ್ತುವಾರಿ ವಹಿಸಿಕೊಂಡಿದೆ.

ನಾನು ಕೊಳ್ಳೇಗಾಲದಲ್ಲಿ ವಕೀಲ. ಕಕ್ಷಿದಾರರಿಗೆ ಜಗಳ ಬಿಟ್ಟು ರಾಜಿಯಾಗಿರೆಂದು ಬುದ್ಧಿ ಹೇಳುವುದು ನನ್ನ ತತ್ತ್ವವಾದ್ದರಿಂದ ನನಗೆ ಬಿಡುವು ಧಾರಾಳವಾಗಿ ಸಿಗುತ್ತದೆ. ಆ ಬಿಡುವನ್ನು ಸಮಾಜಕ್ಕೆ ಅರ್ಪಿಸಬೇಕೆಂದು ‘ಹಿತಧ್ವನಿ ಬಳಗ’ವನ್ನು ಕಟ್ಟಿದೆ. ನಮ್ಮ ಬೇಡಿಕೆ ಸರಳವಾದದ್ದು. ಮದುವೆಯಾಗಲಿ, ನಾಮಕರಣವಾಗಲಿ, ಗೃಹಪ್ರವೇಶವಾಗಲಿ, ಸೌಂಡ್ ಬಾಕ್ಸಿನ ಸದ್ದು ಆ ಮನೆಯ ಅಂಗಳ ದಾಟಬಾರದು. ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಹಸುಗೂಸುಗಳಿವೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಸಂತೋಷ ನಿಮ್ಮದು, ಕಿವಿ ಅವರದು!

ಈ ಚಳವಳಿಗೆ ಒಂದು ಮಾದರಿ ಗ್ರಾಮವೂ ದೊರಕಿತ್ತು. ಹನೂರಿನ ಕಡೆಯ ಒಂದು ಊರು. ಹೆಸರು ಹೇಳುವುದಿಲ್ಲ, ಮಾನನಷ್ಟದ ಕಾನೂನು ನನಗೆ ಗೊತ್ತು. ನಾನು ಅಲ್ಲಿ ಒಂದೇ ಒಂದು ಭಾಷಣ ಮಾಡಿದ್ದೆ. ಅಂದಿನಿಂದ ಬೆಳಿಗ್ಗೆ ಹೋದರೂ, ಸಂಜೆ ಹೋದರೂ, ಮುಂಚಿತವಾಗಿ ತಿಳಿಸದೆ ಹಠಾತ್ತನೆ ಹೋದರೂ ಊರಿಗೆ ಊರೇ ಮೌನ. ಮದುವೆ ಮನೆಯಲ್ಲಿ ಜನ ಪಿಸುಮಾತಿನಲ್ಲಿ ಪಾಯಸ ಕೇಳುತ್ತಿದ್ದರು. ಪ್ರತಿ ಸಲವೂ ನನ್ನ ಕಣ್ಣು ತೇವವಾಗುತ್ತಿತ್ತು. ಒಂದು ಭಾಷಣಕ್ಕೆ ಇಷ್ಟು ಶಕ್ತಿ ಇದೆಯೇ ಎಂದು ನನ್ನ ಬಗ್ಗೆ ನನಗೇ ಗೌರವ ಹೆಚ್ಚುತ್ತಿತ್ತು.

ಇಂಥ ಉನ್ನತ ಸ್ಥಿತಿಯಲ್ಲಿದ್ದವನನ್ನು ಕೆಳಗೆ ಎಳೆದದ್ದು ನನ್ನದೇ ಕಾರು.

ಅದು ಕೆನೆಬಣ್ಣದ ಹಳೆಯ ಕಾರು. ಮೊದಲ ಯಜಮಾನರು ಮೈಸೂರಿನ ಒಬ್ಬ ಡಾಕ್ಟರು. ಮೈಕಟ್ಟು ಚೆನ್ನಾಗಿದೆ, ಗುಣ ಚೆನ್ನಾಗಿದೆ, ಆದರೆ ಬಾಯಿ ಜೋರು. ಇಂಜಿನ್ನಿನ ಒಳಗೆ ಗಾಳಿ ಬಂದು ಹೋಗುವ ಬಾಗಿಲುಗಳಂಥ ವಾಲ್ವುಗಳಿರುತ್ತವೆ. ಅವನ್ನು ತಟ್ಟಿ ತೆರೆಯುವ ಪುಟ್ಟ ಲೋಹದ ತುಂಡುಗಳೇ ಟ್ಯಾಪೆಟ್ಟುಗಳು. ವಯಸ್ಸಾದಂತೆ ಸವೆದು, ನಡುವೆ ಸಂದು ಬಿಟ್ಟು, ಬಡಿದಾಡತೊಡಗುತ್ತವೆ. ನನ್ನ ಕಾರಿನವು ಟಕ ಟಕ ಟಕ ಟಕ ಎಂದು, ಹತ್ತು ಮಂದಿ ಅಕ್ಕಸಾಲಿಗರು ಒಂದೇ ಒಡವೆಯ ಮೇಲೆ ಬಿದ್ದಂತೆ ಬಡಿದಾಡುತ್ತಿದ್ದವು. ನನ್ನ ಕಿವಿಗೆ ಅದು ಅಭ್ಯಾಸವಾಗಿ, ಇಲ್ಲವೇ ಇಲ್ಲ ಎನ್ನುವಂತಾಗಿತ್ತು.

ಯಳಂದೂರಿನ ಬಳಿಯ ಒಂದು ಊರಿನ ಪಂಚಾಯಿತಿ ಕಟ್ಟೆಯ ಮುಂದೆ ನಾನು ಶಬ್ದಮಾಲಿನ್ಯದ ಮೇಲೆ ಮಾತನಾಡಲು ಹೋದೆ. ಭಾಷಣ ಅಮೋಘವಾಗಿತ್ತು. ಮುಗಿದ ಮೇಲೆ ಊರಿನ ಯಜಮಾನರಾದ ಗುರುಮಲ್ಲಪ್ಪನವರು ಎದ್ದು ನಿಂತರು. ಬಿಳಿ ಮೀಸೆ, ಹೆಗಲ ಮೇಲೆ ಟವೆಲ್ಲು, ನಾಲಿಗೆಯ ಮೇಲೆ ಕುಡುಗೋಲು.

“ಲಾಯರ್ ಸಾ, ಚೆಂದಾಗಿ ಏಳುದ್ರಿ. ನನ್ ಮೊಮ್ಮಗ್ಳು ಎಸ್ಸೆಸ್ಸೆಲ್ಸಿ. ಈ ಬಾಕ್ಸ್ ಸದ್ದಿನ ಆವಳಿಗೆ ಆ ಮಗು ಕಿವಿಗೆ ಅತ್ತಿ ತುರುಕ್ಕಂಡು ಓದ್ತಾ ಕೂತದೆ. ನೀವು ಏಳೋ ನಿಯಮ ನಮ್ಮೂರ್ಗೆ ಬೇಕೇ ಬೇಕು. ಆದ್ರೆ ನಮ್ ಉಡುಗ್ರು ಒಂದ್ ಮಾತ್ ಕೇಳ್ತಾವ್ರೆ.”

“ಕೇಳಲಿ, ಯಾವ ಪ್ರಶ್ನೆಗೂ ನಾನು ಸಿದ್ಧ.”

“ಮೊದ್ಲು ನಿಮ್ ಕಾರ್ನ ಸಂಘಕ್ಕೆ ಮೆಂಬರ್ ಮಾಡ್ಕಂಡು ಬನ್ನಿ ಅಂತಾವ್ರೆ. ಅದು ಬಂದಾಗ ನಮ್ ಅಸ ಕಣ್ಣಿ ಕಿತ್ಕಂಡು ಓಯ್ತು.”

ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಧೀರೋದಾತ್ತವಾಗಿ ಕೈಯೆತ್ತಿ ಪ್ರತಿಜ್ಞೆ ಮಾಡಿದೆ. “ಯಜಮಾನರೇ, ಈ ಕಾರನ್ನು ಮೌನಿಯಾಗಿಸಿ, ಇದರಲ್ಲೇ ನಿಮ್ಮನ್ನು ನನ್ನ ಮಾದರಿ ಗ್ರಾಮಕ್ಕೆ ಕರೆದೊಯ್ಯುತ್ತೇನೆ. ಅಲ್ಲಿನ ಶಾಂತಿಯನ್ನು ಕಂಡು ನೀವೇ ತೀರ್ಪು ಕೊಡಿ.”

“ಆಯ್ತು. ಅಲ್ಲಿ ಸದ್ದಿಲ್ದಿದ್ರೆ ನಮ್ಮೂರ್ನಲ್ಲೂ ಬಾಕ್ಸ್ ಬಂದ್. ಇದ್ರೆ, ಈ ಮಾತು ನಮ್ ಕಟ್ಟೆ ಮುಂದೆ ಇನ್ನೊಂದ್ಸಲ ಎತ್ಬೇಡಿ.”

ಹೀಗೆ ಒಂದು ಊರಿನ ನೆಮ್ಮದಿ, ಒಂದು ಮಗುವಿನ ಪರೀಕ್ಷೆ ಮತ್ತು ಬಳಗದ ಭವಿಷ್ಯ ನಾಲ್ಕಾರು ಟ್ಯಾಪೆಟ್ಟುಗಳ ಮೇಲೆ ಬಂದು ಕೂತವು.

ಮನೆಗೆ ಬಂದು ಭಾವಮೈದ ಸಿದ್ದರಾಜುವಿಗೆ ಫೋನು ಮಾಡಿದೆ. ಅವನು ಕುಂತೂರಿನವನು, ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ. ಆ ಟ್ರ್ಯಾಕ್ಟರಿನಲ್ಲಿ ಕಬ್ಬಿಗಿಂತ ಸ್ಪೀಕರುಗಳೇ ಹೆಚ್ಚು. ನನ್ನ ಚಳವಳಿಗೆ ನನ್ನ ಪತ್ನಿಯ ತವರುಮನೆಯೇ ಮೊದಲ ವಿರೋಧಪಕ್ಷ. ಅವನು ಬಂದು ಬಾನೆಟ್ ಎತ್ತಿ, ಕಿವಿಗೊಟ್ಟು, ತೀರ್ಪಿತ್ತ.

“ಟ್ಯಾಪೆಟ್ ಸೆಟ್ ಮಾಡುಸ್ಬುಡಿ ಭಾವ. ಮೇಲಿನ ಮುಚ್ಳ ಬಿಚ್ಚಿ, ಸ್ಕ್ರೂ ಟೈಟ್ ಮಾಡುದ್ರೆ ಆಯ್ತು.”

ನನ್ನೊಳಗಿನ ಸುಧಾರಕ ಸಿಡಿದೆದ್ದ. “ಸಿದ್ದರಾಜು, ಸ್ಕ್ರೂ ಬಿಗಿಯುವುದು ಬಲಪ್ರಯೋಗ! ಎಣ್ಣೆ ಹಾಕುವುದು ಮನವೊಲಿಕೆ! ಇಡೀ ತಾಲ್ಲೂಕಿಗೆ ಮನವೊಲಿಕೆಯ ಮಾರ್ಗ ಬೋಧಿಸುವ ನಾನು ನನ್ನ ಸ್ವಂತ ಕಾರಿನ ಮೇಲೆ ಸ್ಪ್ಯಾನರ್ ಎತ್ತಲೇ?”

“ಹಂಗಾದ್ರೆ ಗಟ್ಟಿ ಆಯಿಲ್ ಉಯ್ರಿ. ಸಂದಿಗೊಳಗೆ ಮೆತ್ತೆ ಆಕ್ದಂಗೆ ಕೂತ್ಕತದೆ.”

ಈ ಮಾತನ್ನು ಕಾಂಪೌಂಡಿನಾಚೆಯಿಂದ ಕೇಳಿಸಿಕೊಂಡ ನೆರೆಮನೆಯ ನಾಗೇಂದ್ರಯ್ಯನವರು ಗೇಟು ತೆರೆದುಕೊಂಡೇ ಬಂದರು. ಅವರು ನಿವೃತ್ತ ವಿಜ್ಞಾನ ಮೇಷ್ಟ್ರು; ಹೊಸ ಕಾರಿನ ಒಡೆಯರು. “ಗಟ್ಟಿ ಆಯಿಲ್ ಬೆಳಿಗ್ಗೆ ಮೇಲಕ್ಕೆ ಹತ್ತೋದೇ ಇಲ್ಲ ಸ್ವಾಮಿ. ತೆಳು ಆಯಿಲ್ ಹಾಕಿ. ತಟ್ಟನೆ ಹರಿದು ಟ್ಯಾಪೆಟ್ ಮುಟ್ಟುತ್ತೆ” ಎಂದರು.

ಎರಡು ಪಕ್ಷ! ಎರಡು ವಾದ! ನನ್ನ ರೋಮಗಳು ನಿಮಿರಿದವು. ಸಾಮಾನ್ಯರಾದರೆ ಕಾರಿನ ಜೊತೆ ಬಂದ ಕೈಪಿಡಿ ತೆರೆದು ನೋಡುತ್ತಿದ್ದರು. ನಾನು ಚರ್ಚಾಕೂಟ ಏರ್ಪಡಿಸಿದೆ.

ಭಾನುವಾರ ಸಂಜೆ, ನಮ್ಮ ವರಾಂಡ. ವಿಷಯ: ‘ಹಳೆಯ ಇಂಜಿನ್ನಿನ ಸದ್ದಡಗಿಸಲು ಮಂದ ತೈಲವೇ ಮದ್ದು’. ಪರವಾಗಿ ಸಿದ್ದರಾಜು, ವಿರುದ್ಧವಾಗಿ ನಾಗೇಂದ್ರಯ್ಯ. ನಾನು ನಿರ್ಣಾಯಕ. ಪೂಜೆಯ ಗಂಟೆಯನ್ನು ಕೇಳಿದ್ದಕ್ಕೆ ನನ್ನ ಪತ್ನಿ ಶಿವಲೀಲಾ ಕೊಡಲಿಲ್ಲ. ಸ್ಟೀಲ್ ಲೋಟ ಮತ್ತು ಚಮಚ ಕೊಟ್ಟಳು.

ನಾಗೇಂದ್ರಯ್ಯನವರು ಸ್ನಿಗ್ಧತೆ, ಉಷ್ಣತೆ, ಒತ್ತಡ ಎಂದು ಶುರುಮಾಡಿ ನಿಜಕ್ಕೂ ಚೆನ್ನಾಗಿಯೇ ಮಾತನಾಡಿದರು. ಸಿದ್ದರಾಜುವಿನ ಸರದಿ ಬಂತು. ಅವನು ಎದ್ದು ನಿಂತು, “ಗಟ್ಟಿ ಆಯಿಲ್ಲು ಗಟ್ಟಿಯಾಗಿರ್ತದೆ” ಎಂದು ಕೂತುಬಿಟ್ಟ.

ಇದು ವಾದವೇ? ಒಂದು ಪಕ್ಷ ಹೀಗೆ ಅನಾಥವಾಗುವುದನ್ನು ನಾನು ಹೇಗೆ ಸಹಿಸಲಿ? ನಿರ್ಣಾಯಕನ ಪೀಠದಿಂದ ಇಳಿದೆ. ಮಂದ ತೈಲದ ಪರವಾಗಿ ವಕಾಲತ್ತು ವಹಿಸಿದೆ! “ಸನ್ಮಾನ್ಯರೇ, ಮುಪ್ಪಿನಲ್ಲಿ ಮನುಷ್ಯನಿಗೆ ಬೇಕಾದದ್ದು ವೇಗವೋ, ಆಸರೆಯೋ? ಚಳಿಗಾಲದಲ್ಲಿ ನಿಮ್ಮ ತಾಯಿಗೆ ನೀವು ಹೊದಿಸುವುದು ತೆಳು ಪಂಚೆಯನ್ನೋ, ದಪ್ಪ ಕಂಬಳಿಯನ್ನೋ?”

ನಾಗೇಂದ್ರಯ್ಯನವರು ಕಣ್ಣೊರೆಸಿಕೊಂಡರು. ಅವರ ತಾಯಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ. “ಇದಕ್ಕೂ ತಾಯಿಯನ್ನ ತಂದ್ರಲ್ಲ, ನಾನು ಸೋತೆ” ಎಂದರು. ನಾನು ಪೀಠಕ್ಕೆ ಮರಳಿ, ಲೋಟ ಬಡಿದು, ನನ್ನನ್ನೇ ವಿಜೇತನೆಂದು ಘೋಷಿಸಿದೆ.

ಬಾಗಿಲಲ್ಲಿ ನಿಂತಿದ್ದ ಶಿವಲೀಲಾ ಒಂದೇ ಪ್ರಶ್ನೆ ಕೇಳಿದಳು. “ಅಲ್ರೀ, ನೀವು ಮೂರೂ ಜನ ಒಪ್ಕಂಡ್ರಿ. ಕಾರು ಒಪ್ಕಂಡದಾ?”

ವಾದದ ಅರಿವಿಲ್ಲದವರಿಗೆ ಉತ್ತರಿಸಬಾರದೆಂಬ ನಿಯಮವಿದೆ.

ಮರುದಿನ ಅಂಗಡಿಯಲ್ಲಿ ಅತ್ಯಂತ ಮಂದವಾದ ಆಯಿಲ್ಲಿನ ಎರಡು ಡಬ್ಬ ತಂದೆ. ಸಿದ್ದರಾಜು ಕಾರಿನ ಅಡಿ ತೂರಿ, ನಟ್ಟು ಬಿಚ್ಚಿ, ಕಾಡಿಗೆಯಂತಿದ್ದ ಹಳೆಯ ಆಯಿಲ್ ಬಸಿದು, ನಟ್ಟು ತಿರುಗಿ ಬಿಗಿದ. ಅಷ್ಟರಲ್ಲಿ ಕಬ್ಬಿಗೆ ಕಟಾವಿನ ಕರೆ ಬಂತು. “ಭಾವ, ನಾನು ಓಯ್ತೀನಿ. ಮೆಲ್ಲುಕೆ ಉಯ್ರಿ. ಕಡ್ಡಿ ಎತ್ತಿ ಅಳ್ತೆ ನೋಡ್ಕಳಿ” ಎಂದು ಟ್ರ್ಯಾಕ್ಟರಿನ ಹಾಡಿನೊಂದಿಗೆ ಬೀದಿ ನಡುಗಿಸುತ್ತಾ ಹೊರಟ.

ನಾನು ಹುಯ್ದೆ. ಅಳತೆಯ ಕಡ್ಡಿ ಎತ್ತಿ ನೋಡಿದೆ. ತುದಿಯಲ್ಲಿ ಒಂದು ತೊಟ್ಟು! ಮತ್ತೆ ಹುಯ್ದೆ. ಮತ್ತೆ ನೋಡಿದೆ. ಆಗಲೂ ಗೆರೆ ಮುಟ್ಟಿರಲಿಲ್ಲ! ಎಷ್ಟು ಹಸಿದಿತ್ತೋ ಪಾಪ ಎನ್ನಿಸಿ ಎರಡನೆಯ ಡಬ್ಬವನ್ನೂ ಪೂರ್ತಿ ಬಗ್ಗಿಸಿದೆ. ಮಂದ ಆಯಿಲ್ ಕೆಳಗಿಳಿಯಲು ಹೊತ್ತು ಹಿಡಿಯುತ್ತದೆ, ಅದು ಮೇಲೆಯೇ ಎಲ್ಲೋ ನಿಧಾನವಾಗಿ ಇಳಿಯುತ್ತಾ ನನ್ನನ್ನು ನೋಡಿ ನಗುತ್ತಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಚರ್ಚೆಯಲ್ಲಿ ಆ ಅಂಶವನ್ನು ಯಾರೂ ಪ್ರಸ್ತಾಪಿಸಿರಲಿಲ್ಲ.

ಬೆಳಿಗ್ಗೆ ಚಾವಿ ತಿರುಗಿಸಿದೆ. ಕಾರು ಉಪವಾಸದ ಎಮ್ಮೆಯಂತೆ ನರಳಿತು. ಎರಡನೆಯ ಸಲ ಕೆಮ್ಮಿತು. ಮೂರನೆಯ ಸಲ ಹೊತ್ತಿಕೊಂಡು, ಹಿಂದಿನಿಂದ ಹೊಗೆ ಬಿಟ್ಟಿತು. ಹೊಗೆ ಎಂದರೆ ಬರಿಯ ಹೊಗೆಯಲ್ಲ, ಮೋಡ! ನೀಲಿ ಬಿಳಿ ಮೋಡವು ಗೇಟು ದಾಟಿ, ನಾಗೇಂದ್ರಯ್ಯನವರ ತುಳಸಿಕಟ್ಟೆ ದಾಟಿ, ಬೀದಿಯನ್ನೇ ನುಂಗಿತು. ಇಷ್ಟರ ಮೇಲೆ ಟ್ಯಾಪೆಟ್ಟುಗಳು ಟಕ ಟಕ ಬಿಟ್ಟು ಢಣ ಢಣ ಎನ್ನುತ್ತಿದ್ದವು. ಒಳಗೆ ತುಂಬಿ ತುಳುಕಿದ ಆಯಿಲ್ಲನ್ನು ಇಂಜಿನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತಿತ್ತಂತೆ.

ಹೊಗೆಯೊಳಗಿಂದ ಎದುರುಮನೆಯ ಪುಟ್ಟಮ್ಮನವರ ದನಿ ಬಂತು. “ಸೊಳ್ಳೆ ಹೊಗೆ ಬುಡೋರು ಬಂದವ್ರೆ ಕಣ್ರೋ, ಅನ್ನದ್ ತಪ್ಪಲೆ ಮುಚ್ಕಳಿ!”

ಬೀದಿಯುದ್ದಕ್ಕೂ ಮುಚ್ಚಳಗಳು ಬಿದ್ದ ಸದ್ದು. ಆಮೇಲೆ ಪುಟ್ಟಮ್ಮನವರು ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಬಳಿಗೇ ಬಂದರು. “ಓ, ನೀವಾ ಸಾ! ಊರ್ಗೆ ಉಪ್ಕಾರ ಮಾಡ್ತಾನೇ ಇರ್ತೀರಿ. ನಮ್ ಇತ್ತಲ್ ಚರಂಡಿ ತಾವೂ ಒಂದ್ ಗಳ್ಗೆ ಬುಡಿ ಸಾ.”

ಶಿವಲೀಲಾ ಕಿಟಕಿಯಿಂದ ಇಣುಕಿದಳು. “ರೀ, ಸದ್ದು ಕಾಣ್ತಾ ಇಲ್ಲ. ಹೊಗೇಲಿ ಮುಚ್ಚೋಯ್ತು.”

ಸಿದ್ದರಾಜು ಮತ್ತೆ ಬಂದ. ಕಡ್ಡಿ ಎತ್ತಿದ. ಆಯಿಲ್ ಗೆರೆಯ ಮೇಲಲ್ಲ, ಕಡ್ಡಿಯ ಕತ್ತಿನವರೆಗೆ ಹತ್ತಿತ್ತು. “ಭಾವ, ಇದಕ್ಕೆ ಆಯಿಲ್ ಆಕಿದ್ರಾ, ಅಭ್ಯಂಜನ ಮಾಡುಸುದ್ರಾ?” ಎಂದವನೇ ಮಿಕ್ಕಿದ್ದನ್ನು ಬಸಿದು, ಅಳತೆಗೆ ತಂದು, ಮತ್ತೆ ಸ್ಟಾರ್ಟ್ ಮಾಡಿದ. ಹೊಗೆ ಕೆಲ ಹೊತ್ತು ಬಂದು ನಿಂತಿತು. ಇಂಜಿನ್ನು ಬಿಸಿಯಾಯಿತು.

ಆಮೇಲೆ ಏನಾಯಿತೆಂದು ಹೇಳಲು ನನ್ನ ಎದೆ ಇಂದಿಗೂ ಉಬ್ಬುತ್ತದೆ. ಏನೂ ಆಗಲಿಲ್ಲ! ಟಕ ಇಲ್ಲ, ಢಣ ಇಲ್ಲ. ತೊಟ್ಟಿಲಲ್ಲಿ ಮಗು ನಿದ್ದೆಹೋದ ಹಾಗೆ ಮೃದುವಾದೊಂದು ಗುಂಯ್ಕಾರ. ಚರ್ಚೆಯಿಂದ ಸತ್ಯ ಹೊರಬರುತ್ತದೆ ಎಂದು ನಾನು ಇಷ್ಟು ವರ್ಷ ಹೇಳಿದ್ದು ಸುಳ್ಳಾಗಲಿಲ್ಲ. ನಾಗೇಂದ್ರಯ್ಯನವರನ್ನು ಕರೆದು ಆ ನಿಶ್ಶಬ್ದವನ್ನು ಕೇಳಿಸಿದೆ. ಅವರು ಬಾನೆಟ್ಟಿನ ಮೇಲೆ ಕಿವಿಯಿಟ್ಟು, “ಕಂಬಳಿ ಕೆಲಸ ಮಾಡ್ತಿದೆ” ಎಂದು ಒಪ್ಪಿಕೊಂಡರು. ಸಿದ್ದರಾಜು ಕೂಡ, “ಗಟ್ಟಿ ಆಯಿಲ್ಲು ಗಟ್ಟಿಯಾಗಿರ್ತದೆ ಅಂತ ನಾನು ಆವತ್ತೇ ಏಳ್ನಿಲ್ವಾ” ಎಂದ.

ಮುಂದಿನ ಭಾನುವಾರ ಯಳಂದೂರಿನ ಬಳಿಯ ಆ ಊರಿಗೆ ಹೋಗಿ ಗುರುಮಲ್ಲಪ್ಪನವರನ್ನು ಕೂರಿಸಿಕೊಂಡೆ. ಕಾರು ಹೊರಟು ಊರ ಕೆರೆ ದಾಟಿದ ಮೇಲೆ ಅವರು ಕೇಳಿದರು. “ಲಾಯರ್ ಸಾ, ಸ್ಟಾರ್ಟ್ ಆಗ್ದೇನೇ ಓಯ್ತಾ ಅದಲ್ಲ, ಇಳಿಜಾರಾ?”

ಆ ಮಾತನ್ನು ಯಾವ ಕಪ್ಪಿಗೂ ನಾನು ಬದಲಾಯಿಸಿಕೊಳ್ಳಲಾರೆ. “ಇದು ಮನವೊಲಿಕೆ, ಯಜಮಾನರೇ!” ಎಂದೆ. ಕೊಳ್ಳೇಗಾಲ ದಾಟಿ ಹನೂರಿನ ದಾರಿ ಹಿಡಿಯುವವರೆಗೂ ಗಟ್ಟಿ ಆಯಿಲ್ಲಿನ ಮಹಿಮೆಯ ಕುರಿತ ನನ್ನ ವಾಕ್ಪ್ರವಾಹ ನಿಲ್ಲಲಿಲ್ಲ. ರಸ್ತೆಯ ನಡುವೆ ಒಂದು ನಾಯಿ ಮಲಗಿತ್ತು. ಮೊದಲಾಗಿದ್ದರೆ ನನ್ನ ಕಾರು ಅರ್ಧ ಮೈಲಿ ದೂರದಲ್ಲಿರುವಾಗಲೇ ಎದ್ದು ಸರಿಯುತ್ತಿತ್ತು. ಈಗ ಹತ್ತಿರ ಬಂದರೂ ಕಣ್ಣು ತೆರೆಯಲಿಲ್ಲ. ನಾನೇ ಇಳಿದು ಎಬ್ಬಿಸಿದೆ. ಅದು ನನ್ನನ್ನು ನೋಡಿದ ರೀತಿಯಲ್ಲಿ ಒಂದು ಎಚ್ಚರಿಕೆ ಇತ್ತು. ವಿಜಯೋನ್ಮಾದದಲ್ಲಿ ನಾನು ಗ್ರಹಿಸಲಿಲ್ಲ.

ಮಾದರಿ ಗ್ರಾಮಕ್ಕೆ ಮುಂಚೆ ಒಂದು ಸೇತುವೆ ಸಿಗುತ್ತದೆ. ಅದನ್ನು ದಾಟುವಾಗ ನೆಲ ಅದುರಿದಂತಾಯಿತು. “ಗುಡ್ಡದಲ್ಲಿ ಕಲ್ಲು ಸಿಡಿಸುತ್ತಿರಬೇಕು” ಎಂದೆ. ಮುಂದೆ ಹೋದಂತೆ ಕಲ್ಲು ಸಿಡಿಯುವುದರಲ್ಲಿ ತಾಳ ಕೇಳಿಸತೊಡಗಿತು. ಆಮೇಲೆ ರಾಗ. ಆಮೇಲೆ ಸಾಹಿತ್ಯ.

ಊರ ನಡುವಿನ ಮನೆಯೊಂದರಲ್ಲಿ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಅಂಗಳದ ಎರಡು ಬದಿಯಲ್ಲಿ ಹುಲ್ಲಿನ ಮೆದೆಯಷ್ಟೆತ್ತರ ಪೇರಿಸಿದ ಸೌಂಡ್ ಬಾಕ್ಸುಗಳು. ಚಪ್ಪರದ ಎಲೆಗಳು ಅದುರಿ ಉದುರುತ್ತಿದ್ದವು. ಆ ಮಗುವಿನ ಕಿವಿಯನ್ನು ಅಕ್ಕಸಾಲಿ ಚುಚ್ಚುವ ಅಗತ್ಯವೇ ಇರಲಿಲ್ಲ! ಬಾಕ್ಸುಗಳ ಮುಂದೆ ಕುಣಿಯುತ್ತಿದ್ದವರಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಹಾರುತ್ತಿದ್ದವನು ಯುವಕ ಸಂಘದ ಕಾರ್ಯದರ್ಶಿ ಮಹೇಶ. ನನ್ನ ಬಳಗದ ಗ್ರಾಮ ಪ್ರತಿನಿಧಿ!

ನಾನು ಕಾರಿನಿಂದಿಳಿದು ಅವನ ಬೆನ್ನ ಹಿಂದೆ ನಿಂತೆ. ಅವನು ಕುಣಿಯುತ್ತಾ ತಿರುಗಿದ. ಕಂಡ. ಒಂದು ಕಾಲು ಗಾಳಿಯಲ್ಲೇ ಉಳಿಯಿತು.

ಯಾರೋ ತಂತಿ ಕಿತ್ತರು. ಆ ಮೌನದಲ್ಲಿ ಜಗುಲಿಯ ಮೇಲಿದ್ದ ಅಜ್ಜಿಯೊಬ್ಬರ ಮಾತು ಊರಿಗೆಲ್ಲ ಕೇಳಿಸಿತು. “ಅಯ್ಯೋ ಶಿವ್ನೆ, ಲಾಯರಪ್ಪ ಕಳ್ಳ ಬಂದಂಗೆ ಬಂದವ್ನಲ್ಲಪ್ಪ!”

“ಮಹೇಶ, ಇದೇನು?” ಎಂದೆ.

“ಸಾ, ನಿಮ್ ಕಾರು ಏನಾಯ್ತು ಸಾ? ಕೆಟ್ಟೋಯ್ತಾ?”

“ಕೆಟ್ಟಿಲ್ಲ. ರಿಪೇರಿಯಾಗಿದೆ.”

“ಅದ್ಕೇ ಇಂಗಾಯ್ತು ನೋಡಿ” ಎಂದು ಅವನು ನಿಜವಾದ ದುಃಖದಿಂದ ತಲೆ ಚಚ್ಚಿಕೊಂಡ. “ನಿಮ್ ಕಾರು ಸೇತ್ವೆ ತಾವ ಬರ್ತಿದ್ದಂಗೇ ಟಕ ಟಕ ಅಂತ ಊರ್ಗೆಲ್ಲ ಕೇಳುಸ್ಬುಡೋದು. ಅಲ್ಲಿಂದ ನೀವು ಇಲ್ಲಿಗೆ ಬರೋಗಂಟ ಬಾಕ್ಸ್ ಆರ್ಸಿ, ಟಾರ್ಪಾಲ್ ಮುಚ್ಚಿ, ಎಲ್ರೂ ಸುಮ್ಕೆ ಕೂತ್ಕಳೋಕೆ ಸರ್ಯಾಗಿ ಟೇಮ್ ಇರೋದು ಸಾ. ಒಂದಿನಾನೂ ನಿಮ್ಗೆ ಬೇಜಾರ್ ಮಾಡುದ್ವಾ?”

ಪಿಸುಮಾತಿನಲ್ಲಿ ಪಾಯಸ ಕೇಳಿದವರೆಲ್ಲರೂ ನನ್ನ ಕಣ್ಣ ಮುಂದೆ ಹಾದುಹೋದರು. ನನ್ನ ಭಾಷಣದ ಶಕ್ತಿ!

ಆ ಅಜ್ಜಿಯ ಪಕ್ಕದಲ್ಲಿದ್ದ ತಾಯಿಯೊಬ್ಬಳು ಬಾಯಿ ಹಾಕಿದಳು. “ನೀವು ಏನೇ ಅನ್ನಿ ಸಾ, ನಿಮ್ ಕಾರ್ ಬಂದೋದ್ ದಿನ ನೀವು ಮತ್ತೆ ಬಂದು ಭಾಷಣ ಸುರು ಮಾಡ್ಬುಟ್ಟೀರಿ ಅಂತ ಎದ್ರುಕಂಡು ಯಾರೂ ಬಾಕ್ಸ್ ಮುಟ್ತಿರ್ನಿಲ್ಲ. ನಮ್ ಮಕ್ಳು ಆ ದಿನ್ಗೋಳಲ್ಲೇ ಸಾ ಓದ್ಕಂಡಿದ್ದು. ಲಾಯರ್ ಸಾ ಕಾರು ಇವತ್ತೂ ಬರ್ಲಪ್ಪ ಅಂತ ದೇವ್ರುಗೆ ಕೈ ಮುಗ್ದಿವ್ನಿ.”

ನಾನು ಗುರುಮಲ್ಲಪ್ಪನವರ ಕಡೆ ತಿರುಗಿದೆ. ಅವರ ಮೀಸೆ ಅಲುಗಾಡುತ್ತಿತ್ತು. ಒಪ್ಪಂದ ಒಪ್ಪಂದವೇ. ಸದ್ದು ಇದ್ದರೆ ಅವರ ಕಟ್ಟೆಯ ಮುಂದೆ ನಾನು ಮತ್ತೆ ಬಾಯಿ ತೆರೆಯುವಂತಿರಲಿಲ್ಲ. “ಯಜಮಾನರೇ, ನಾನು ಸೋತಿದ್ದೇನೆ. ನಿಮ್ಮ ಊರಿನಲ್ಲಿ ಈ ಮಾತು ಇನ್ನು ಎತ್ತುವುದಿಲ್ಲ” ಎಂದೆ. ಜೀವನದಲ್ಲಿ ಮೊದಲ ಬಾರಿಗೆ ಎರಡೇ ವಾಕ್ಯದಲ್ಲಿ ಮಾತು ಮುಗಿಸಿದೆ.

“ಮಾತ್ ಎತ್ಬೇಡಿ. ಅದು ಸರಿ” ಎಂದರು ಗುರುಮಲ್ಲಪ್ಪ. “ಆದ್ರೆ ನಿಯಮ ನಮ್ಮೂರ್ಗೂ ಬೇಕು. ನನ್ ಮೊಮ್ಮಗ್ಳು ಓದ್ಬೇಕು. ಪರೀಕ್ಸೆ ಮುಗಿಯೋಗಂಟ ದಿನಾ ಸಂಜೆ ನಮ್ಮೂರ್ ಸುತ್ತ ಒಂದ್ ರೌಂಡ್ ಬನ್ನಿ. ಒಂದೇ ಸರತ್ತು.”

“ಹೇಳಿ!”

“ಈ ಗಟ್ಟಿ ಆಯಿಲ್ ತಗ್ಸಿ.”

ನಾನು ಕೊನೆಯ ಪ್ರಯತ್ನ ಮಾಡಿದೆ. “ಬದಲಿಗೆ ಹಾರ್ನ್ ಹಾಕುತ್ತಾ ಬಂದರಾಗದೇ?”

“ಆರ್ನ್ ಎಲ್ರೂ ಒಡಿತಾರೆ ಸಾ. ನೀವೇ ಅಂತ ಗೊತ್ತಾಗ್ಬೇಕಲ್ಲ!” ಎಂದ ಮಹೇಶ, ಅನುಭವಸ್ಥನ ಗಾಂಭೀರ್ಯದಿಂದ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಶಿವಲೀಲಾ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕುಸಿದು ಕೂತು ನಕ್ಕಳು. ನಾಗೇಂದ್ರಯ್ಯನವರ ಪರವಾಗಿ ನಾನೇ ಮೇಲ್ಮನವಿ ಸಲ್ಲಿಸಿ, ಅಂದೇ ವಿಚಾರಣೆಗೆ ತೆಗೆದುಕೊಂಡು, ಹಿಂದಿನ ತೀರ್ಪನ್ನು ರದ್ದುಪಡಿಸಿ, ತೆಳು ತೈಲದ ಪರವಾಗಿ ಆದೇಶ ಹೊರಡಿಸಿದೆ. ಅವರೇ ಸಂಭ್ರಮದಿಂದ ಡಬ್ಬ ಹಿಡಿದು ಬಂದರು. ಸದ್ದಡಗಿಸಲು ಅವರು ಸೂಚಿಸಿದ್ದ ಆ ತೆಳು ಆಯಿಲ್ ಹಾಕಿದ ಮೇಲೆ ಕಾರು ಮೊದಲಿಗಿಂತಲೂ ಸ್ಪಷ್ಟವಾಗಿ, ನಿರರ್ಗಳವಾಗಿ, ಸೇತುವೆಯಿಂದೇಕೆ, ಪಕ್ಕದ ಊರಿನಿಂದಲೇ ಕೇಳಿಸುವಂತೆ ಮಾತನಾಡತೊಡಗಿತು.

ಯಳಂದೂರಿನ ಬಳಿಯ ಆ ಊರು ಈಗ ಸಂಜೆಯ ಹೊತ್ತು ಮೌನವಾಗಿರುತ್ತದೆ. ಮೊಮ್ಮಗಳು ಕಿವಿಯಿಂದ ಹತ್ತಿ ತೆಗೆದು ಓದುತ್ತಿದ್ದಾಳೆ. ಮೊನ್ನೆ ಗುರುಮಲ್ಲಪ್ಪನವರ ಮನೆ ಮುಂದೆ ಕಾರು ನಿಧಾನಿಸಿದಾಗ ಅವಳು ಕಿಟಕಿಯಿಂದ ಕೈಬೀಸಿದಳು. ನನಗೋ, ಬಾನೆಟ್ಟಿಗೋ ತಿಳಿಯಲಿಲ್ಲ. ಆದರೂ ನಾನು ಹೆಮ್ಮೆಯಿಂದ ಮರಳಿ ಕೈಬೀಸಿದೆ. ಕೀರ್ತಿ ಹಬ್ಬುತ್ತಿದೆ. ಹನೂರಿನ ಕಡೆಯಿಂದ ಮತ್ತೆರಡು ಊರಿನವರು ಫೋನು ಮಾಡಿ ನನ್ನನ್ನು ಗೌರವಪೂರ್ವಕವಾಗಿ ಆಹ್ವಾನಿಸಿದ್ದಾರೆ. ಭಾಷಣಕ್ಕೆ ಎಷ್ಟು ಹೊತ್ತು ಇಟ್ಟಿದ್ದೀರಿ ಎಂದು ಕೇಳಿದೆ.

“ಭಾಷಣ ಏನ್ ಬ್ಯಾಡಿ ಸಾ” ಎಂದರು. “ನಿಮ್ಗೆ ಪುರುಸೊತ್ತಿಲ್ದಿದ್ರೆ ಕಾರ್ ಒಂದ್ ಕಳ್ಸಿ, ಸಾಕು!”